ಕೆಂಡದ ಮೇಲಿನ ನೀಲಿ

“ಆ ಕೈ ಮುಟ್ಟಿದ ಹಿಟ್ಟನ್ನ ನಾಯಿಗೆ ಹಾಕಿ. ನನ್ನ ತಂಗಿ ಹೆಸರಲ್ಲಿ ಅದನ್ನ ನಾನು ಬಾಯಿಗಿಡಲ್ಲ,” ಎಂದ ನಿಕಾಂದ್ರ ಮಾವ, ಒಳಗೆ ಬಂದವನು ದೇವರ ಮೂಲೆಯ ಕಡೆ ತಿರುಗಿ ಶಿಲುಬೆ ಹಾಕಿಕೊಳ್ಳುವ ಮೊದಲೇ. ಗೋಡೆಗುಂಟ ಬೆಂಚುಗಳ ಮೇಲೆ ಕುಳಿತಿದ್ದ ಊರಿನವರೆಲ್ಲ ಒಮ್ಮೆಗೇ ಅತ್ತ ತಿರುಗಿದರು. ಪ್ರೋಖೋರ್ ಹಲಗೆಯ ಮುಂದೆ ನಿಂತಿದ್ದ. ಪಿರೋಗ್ ಎಂಬ ಮೀನುರೊಟ್ಟಿಗೆಂದು ತಟ್ಟಿ ಹರಡಿದ ಕಪ್ಪು ರೈ ಹಿಟ್ಟಿನ ಮೇಲೆ ತ್ರೆಸ್ಕಾ ಮೀನನ್ನು ಇಡಿಯಾಗಿ, ಮುಳ್ಳುಸಹಿತ ಮಲಗಿಸಿ, ಉಪ್ಪು ಈರುಳ್ಳಿ ಉದುರಿಸಿ, ಮಗುವಿಗೆ ಹೊದಿಕೆ ಎಳೆಯುವಂತೆ ಹಿಟ್ಟಿನ ಅಂಚುಗಳನ್ನು ಮೇಲೆತ್ತಿ ಹಿಡಿದಿದ್ದ. ಈಗ ಬಿಡುವಂತಿಲ್ಲ, ಬಿಟ್ಟರೆ ಅಂಚು ಹರಿಯುತ್ತದೆ. ಮುಚ್ಚಿ ಹೊಲಿಯುವಂತೆಯೂ ಇಲ್ಲ, ಹೊಲಿದರೆ ಮಾವನಿಗೆ ಎದುರುತ್ತರ ಕೊಟ್ಟಂತೆ. ಬೇರೆ ಯಾವ ಕೈಯಾಗಿದ್ದರೂ ಜೇಬಿನಲ್ಲಿ ಅಡಗಿಸಬಹುದಿತ್ತು. ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಯನ್ನು ಎಲ್ಲಿ ಇಡುವುದು? ಎಲ್ಲರೂ ಆ ಕೈಗಳನ್ನೇ ನೋಡುತ್ತಿದ್ದರು. ಅವನೂ ನೋಡಿದ. ಬೆರಳ ಸಂದಿಯಲ್ಲಿ ಒಣಗುತ್ತಿದ್ದ ಹಿಟ್ಟು ಬಿರುಕುಬಿಟ್ಟು ಚರ್ಮವನ್ನು ಎಳೆಯುತ್ತಿತ್ತು. ಬೇರೆ ಯಾರದೋ ಕೈ ಅನ್ನಿಸಿತು. ಈ ಹಲಗೆಯನ್ನೇ ಎತ್ತಿ ಮಾವನ ಬಿಳಿಗಡ್ಡದ ಮೇಲೆ ಬಡಿಯಬೇಕು ಅನ್ನಿಸಿತು. ಅಂಚುಗಳನ್ನು ಹಿಡಿದೇ ಇದ್ದ.

“ಹಾಗಾದ್ರೆ ಯಾರಪ್ಪ ಬೇಯ್ಸೋದು? ನೀನಾ?” ಎಂದಳು ಬೆಂಚಿನ ತುದಿಯಿಂದ ಫೆವ್ರೋನ್ಯಾ ಅಜ್ಜಿ. ಊರಿನ ಎಲ್ಲ ಸಾವಿನ ಊಟಗಳಿಗೂ ಮೊದಲು ಬಂದು ಕೂರುವವಳು. “ಬಲೆ ಎಳ್ಯೋ ಕೈಲಿ ಪಿರೋಗ್ ಮಾಡಿದ್ರೆ ಮೀನು ಒಳಗಿಂದ್ಲೇ ಓಡಿಹೋದೀತು.”

ಯಾರೋ ನಕ್ಕು ಕೆಮ್ಮಿದಂತೆ ಮಾಡಿದರು. ನಿಕಾಂದ್ರನ ಹೆಂಡತಿ ಅಗ್ನಿಯಾ ಅತ್ತೆ ಎದ್ದು ಬಂದು ಗಂಡನ ಕೋಟನ್ನು ತಾನೇ ಬಿಚ್ಚಿಸಿ ಮೊಳೆಗೆ ತೂಗುಹಾಕಿದಳು. “ಸತ್ತೋರ ಒಲೇಲೇ ಬೇಯ್ಬೇಕು, ಸತ್ತೋರ ಹುಳಿಹಿಟ್ಟಲ್ಲೇ ಆಗ್ಬೇಕು. ನಲವತ್ತನೇ ದಿನದ ಪಿರೋಗ್ ಬೇರೆ ಮನೆಯಿಂದ ತರೋದು ಎಲ್ಲಾದ್ರೂ ಉಂಟಾ? ಆತ್ಮ ಇವತ್ತು ಮನೆ ಬಿಟ್ಟು ಹೋಗೋವಾಗ ಮೂಗಿಗೆ ತನ್ನ ಮನೆ ಹಬೆ ಬಡೀಬೇಕು. ಉಸ್ತೀನ್ಯಾಳ ಒಲೆ ಹುಚ್ಚು ಕುದುರೆ ಇದ್ದಂಗೆ. ಅವಳ್ನ ಬಿಟ್ರೆ ಇವನ್ನ ಮಾತ್ರ ಅದು ಬಲ್ಲದು. ಕೂತ್ಕೊಳ್ಳಿ ನೀವು,” ಎಂದಳು. ಆಮೇಲೆ ಪ್ರೋಖೋರ್‌ನ ಕಡೆ ನೋಡದೆಯೇ, “ಹೊಲಿಯೋ ಪ್ರೋಷಾ. ಒಣಗ್ತಿದೆ,” ಎಂದಳು.

ಅವನು ಅಂಚುಗಳನ್ನು ಕೂಡಿಸಿ ಚಿವುಟತೊಡಗಿದ. ಮಾವ ಕೂತ. ಆದರೆ ಮೇಜಿಗೆ ಬೆನ್ನು ಹಾಕಿ, ಒಲೆಯ ಬಾಯಿಗೆ ಮುಖ ಮಾಡಿ ಕೂತ. ಅವನು ಹಾಗೆ ಕೂತದ್ದರಿಂದ ಉಳಿದವರ ಕಣ್ಣುಗಳೂ ಅತ್ತಲೇ ಹೊರಳಿದವು. ಅರ್ಧ ಮನೆಯನ್ನೇ ತುಂಬಿದ್ದ, ಸುಣ್ಣ ಬಳಿದ ಆ ಇಟ್ಟಿಗೆಯ ಒಲೆ ಅವನ ಅಮ್ಮ ಉಸ್ತೀನ್ಯಾ ಸತ್ತ ಮೇಲೆ ಇವತ್ತೇ ಮೊದಲು ಉರಿದದ್ದು. ಇಷ್ಟು ದಿನ ಪ್ರೋಖೋರ್ ಮೂಲೆಯಲ್ಲಿ ಒಂದು ತಗಡಿನ ಒಲೆ ಇಟ್ಟುಕೊಂಡು, ಕೋಟು ಹಾಕಿಕೊಂಡೇ ಮಲಗಿ, ಗೋಡೆಯ ಒಳಮೈಯಲ್ಲಿ ಬೆಳೆದ ಹಿಮವನ್ನು ಬೆಳಿಗ್ಗೆ ಎದ್ದು ಕೆರೆಯುತ್ತಾ ದಿನ ತಳ್ಳಿದ್ದ. ಇವತ್ತು ಬೆಳಕು ಹರಿಯುವಾಗ ಭೂರ್ಜದ ಕೊರಡುಗಳನ್ನು ಒಳಗೆ ಪೇರಿಸಿ ಕಡ್ಡಿ ಗೀರುವಾಗ ಎರಡು ಕಡ್ಡಿ ಆರಿಹೋಗಿದ್ದವು. ಈಗ ಕೊರಡುಗಳೆಲ್ಲ ಕುಸಿದು ಕೆಂಡವಾಗಿವೆ. ಕೆಂಡದ ಮೇಲೆ ಅಲ್ಲಲ್ಲಿ ನೀಲಿ ಓಡಾಡುತ್ತಿದೆ. ತೆಳ್ಳಗೆ, ಸದ್ದಿಲ್ಲದೆ, ಇದ್ದಂತೆಯೂ ಇಲ್ಲದಂತೆಯೂ. ಈ ಊರಿನಲ್ಲಿ ಹುಟ್ಟಿದ ಮಗುವಿಗೆ ಶಿಲುಬೆ ಹಾಕಿಕೊಳ್ಳುವುದನ್ನು ಕಲಿಸುವ ಮೊದಲು ಆ ನೀಲಿಯನ್ನು ತೋರಿಸುತ್ತಾರೆ. ನೀಲಿ ಇರುವಷ್ಟು ಹೊತ್ತು ಹೊಗೆಗೂಡಿನ ದಾರಿಗೆ ಅಡ್ಡ ಕೂರಿಸುವ ಕಬ್ಬಿಣದ ಬಿಲ್ಲೆ ಮುಚ್ಚಬಾರದು. ಮುಚ್ಚಿದರೆ ವಾಸನೆಯಿಲ್ಲದ ವಿಷ ಮನೆಯೊಳಗೆ ಇಳಿಯುತ್ತದೆ, ತಲೆ ಸಿಡಿಯುತ್ತದೆ, ನಿದ್ದೆ ಬರುತ್ತದೆ, ಅಷ್ಟೆ. ನೀಲಿ ಸತ್ತ ಮೇಲೂ ಮುಚ್ಚದೆ ಕೂತರೆ ಅಷ್ಟೂ ಕಾವು ಆಕಾಶಕ್ಕೆ. ಪಿರೋಗ್ ಹಸಿ, ಮನೆ ಹೊತ್ತಾರೆಗೆ ಮಂಜುಗಡ್ಡೆ. ಬದುಕು ಸಾವುಗಳ ನಡುವಿನ ಆ ಒಂದು ಗಳಿಗೆಯನ್ನು ಕಣ್ಣಲ್ಲೇ ಹಿಡಿಯುವವಳನ್ನು ಒಳ್ಳೆಯ ಹೆಂಗಸು ಅನ್ನುತ್ತಾರೆ. ಉಸ್ತೀನ್ಯಾ ಹಾಗೆ ಹಿಡಿಯುವವಳು. ಮದುವೆಗೂ ಸಾವಿಗೂ ಅವಳ ಪಿರೋಗೇ ಆಗಬೇಕಿತ್ತು.

“ನೋಡ್ಕೊಳ್ಳೋ, ಚೆನ್ನಾಗಿ ನೋಡ್ಕೊ,” ಎಂದ ಮಾವ, ಕೆಂಡಕ್ಕೆ ಹೇಳುವಂತೆ. “ಇವತ್ತು ಒಳಗಡೆ ಇಪ್ಪತ್ತು ಜನ ಇದೀವಿ. ಒಬ್ಬೊಬ್ರಿಗೂ ಪೆಟ್ಟಿಗೆ ಮಾಡೋಷ್ಟು ಹಲಗೆ ಊರಲ್ಲಿಲ್ಲ.”

ಈ ಸಲ ನಗು ಕೆಮ್ಮಿನ ವೇಷ ಹಾಕಲಿಲ್ಲ.

ಪ್ರೋಖೋರ್ ಚಿವುಟುತ್ತಲೇ ಇದ್ದ. ಚಿವುಟಿದ ಕಡೆಯೆಲ್ಲ ಹಗ್ಗದಂಥ ಒಂದು ಏಣು ಏಳುತ್ತಿತ್ತು. ಅಮ್ಮನ ಏಣು ಇನ್ನೂ ಸಣ್ಣ, ಇನ್ನೂ ಒತ್ತು. ಅವಳು ಸತ್ತ ದಿನ ಬಿಲ್ಲೆಯ ಮೇಲಿದ್ದ ಬೆರಳ ಗುರುತುಗಳೂ ಸಣ್ಣವೇ. ಹೆಪ್ಪುಗಟ್ಟಿದ ಸಮುದ್ರದ ಐಸಿನ ಮೇಲೆ ಮೀನು ಹಿಡಿದು ಬಂದು ಬಾಗಿಲು ತಳ್ಳಿದಾಗ ಮನೆ ಬೆಚ್ಚಗಿತ್ತು, ಎಂದೂ ಇಲ್ಲದಷ್ಟು ಬೆಚ್ಚಗೆ, ಮತ್ತು ಒಳಗೆ ಸುಟ್ಟ ಶಾಂಗಿ ರೊಟ್ಟಿಗಳ ಕರಿ ವಾಸನೆ. ಅವಳು ಬೆಂಚಿನ ಮೇಲೆ ಕೂತು ಒಲೆಗೆ ಒರಗಿದ್ದಳು, ರೊಟ್ಟಿ ಬೇಯುವುದನ್ನು ಕಾಯುತ್ತಾ ತೂಕಡಿಸುವವಳ ಹಾಗೆ, ಕೆನ್ನೆ ಕೆಂಪಗೆ. ಆ ಕೆಂಪನ್ನು ಕಂಡು ಒಂದು ಕ್ಷಣ ಅವನಿಗೆ ಸಿಟ್ಟೇ ಬಂದಿತ್ತು, ಇಷ್ಟು ಸುಖವಾಗಿ ನಿದ್ದೆ ಮಾಡ್ತಾ ರೊಟ್ಟಿ ಸುಟ್ಟಿದ್ದಾಳಲ್ಲ ಅಂತ. ಆಮೇಲೆ ಅವಳನ್ನು ಹೊತ್ತು ಹಿಮಕ್ಕೆ ತಂದದ್ದು, ಮುಖಕ್ಕೆ ಹಿಮ ತಿಕ್ಕಿದ್ದು, ಹಿಮ ಕರಗಿ ಇಳಿದರೂ ಅವಳು ಕಣ್ಣು ತೆರೆಯದ್ದು. ಒಳಗೆ ಹೋಗಿ ಹೊಗೆಗೂಡಿನ ಪುಟ್ಟ ಬಾಗಿಲು ತೆಗೆದು ಬಿಲ್ಲೆಯನ್ನು ಹೊರಗೆಳೆದಾಗ ಅದರ ಹಿಡಿಯ ಸುತ್ತ ಹಿಟ್ಟಿನ ಬೆರಳಚ್ಚುಗಳು ಕಾವಿಗೆ ಬೆಂದು ಕಂದಾಗಿ ಅಂಟಿಕೊಂಡಿದ್ದವು. ಮೂರು ಬೆರಳು, ಒಂದು ಹೆಬ್ಬೆರಳು. ಅವನು ಅವನ್ನು ತೋಳಿನಿಂದ ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆರೆದು ತೆಗೆದ. ಪಕ್ಕದೂರಿನಿಂದ ಆಸ್ಪತ್ರೆಯವನು ಬಂದು, “ಬಿಲ್ಲೆ ಮುಚ್ಚಿದ್ದು ಯಾರು?” ಎಂದು ಕೇಳಿದಾಗ ಉಗುರಿನ ಕೆಳಗೆ ಆ ಬೆಂದ ಹಿಟ್ಟು ಇನ್ನೂ ಇತ್ತು. “ನಾನು,” ಎಂದ. ಯಾಕೆ ಹಾಗೆಂದ? ಯೋಚಿಸಿ ಅಂದದ್ದಲ್ಲ. ಬಾಯಿಗೆ ಬಂದ ಮೊದಲ ಮಾತು ಅದೇ ಆಗಿತ್ತು, ಮತ್ತು ಆಡಿದ ಮೇಲೆ ಅದು ಸುಳ್ಳೆಂದು ಅನ್ನಿಸಲೂ ಇಲ್ಲ.

ಯಾಕೆಂದರೆ ಅವಳು ಕೇಳಿದ್ದಳು.

ಅವಳಿಗೆ ನೀಲಿ ಕಾಣುವುದು ಯಾವಾಗ ನಿಂತಿತೋ ಅವನಿಗೆ ಗೊತ್ತಿಲ್ಲ. ಕಣ್ಣಿಗೆ ಹಾಲಿನಂಥ ಪೊರೆ ಬಂದಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಕೆಂಡ ಓದಲಾರದವಳನ್ನು ಮದುವೆಮನೆಗೆ ಯಾರು ಕರೆಯುತ್ತಾರೆ? ಅವನಿಗೂ ಹೇಳಲಿಲ್ಲ. ಬದಲಿಗೆ ಒಂದು ಆಟ ಹೂಡಿದಳು. ಪ್ರತಿದಿನ ಒಲೆ ಕುಸಿಯುವ ಹೊತ್ತಿಗೆ ಅವನನ್ನು ಕರೆದು, “ಪ್ರೋಷಾ, ನೀಲಿ ಇದೆಯೇನೋ? ನೋಡಿ ಹೇಳು. ಸ್ಕೂಲಂತೂ ಬಿಟ್ಟೆ, ಇದನ್ನಾದ್ರೂ ಕಲ್ತ್ಕೊ,” ಎನ್ನುವಳು. ಪಾಠ ಒಪ್ಪಿಸಿಕೊಳ್ಳುವ ಮೇಡಮ್ಮಿನ ಗತ್ತು. ಅವನು “ಇದೆ” ಅಂದರೆ, “ನನಗ್ಗೊತ್ತು, ನಿನಗ್ಗೊತ್ತಾ ಅಂತ ಕೇಳಿದ್ದು,” ಎನ್ನುವಳು. ಅವನಿಗೆ ಆಟ ಅರ್ಥವಾಗಿತ್ತು. ಅರ್ಥವಾಗಿದ್ದರಿಂದಲೇ ಮೈ ಉರಿಯುತ್ತಿತ್ತು. ನನಗೆ ಕಾಣ್ತಿಲ್ಲ ಕಣೋ ಅಂತ ಒಂದು ಮಾತು ಹೇಳಿದ್ದರೆ ಇಡೀ ಚಳಿಗಾಲ ಅವಳ ಒಲೆಯ ಮುಂದೆ ಕಾವಲು ಕೂರುತ್ತಿದ್ದ. ಹೇಳಲಿಲ್ಲ. ತನ್ನ ಕುರುಡನ್ನು ಮುಚ್ಚಲು ಅವನ ದಡ್ಡತನವನ್ನು ಹೊದ್ದುಕೊಂಡಳು. ಅವತ್ತು ಬೆಳಿಗ್ಗೆ ಶಾಂಗಿ ಬೇಯಿಸಿಕೊಡು ಎಂದು ಹೇಳಲು ಬಂದ ಹೆಂಗಸರ ಮುಂದೆ, ಇದೇ ಫೆವ್ರೋನ್ಯಾ ಅಜ್ಜಿಯ ಮುಂದೆ, ಹಿಟ್ಟು ತಟ್ಟುತ್ತಾ ಅಂದಳು: “ನನ್ನ ಮಗನಿಗೆ ಅಕ್ಷರಾನೂ ಹತ್ತಲಿಲ್ಲ, ಹಿಟ್ಟೂ ಹತ್ತಲಿಲ್ಲ. ಕೆಂಪ್ಯಾವ್ದು ನೀಲಿ ಯಾವ್ದು ಅಂತ ದಿನಾ ಕೇಳಿ ಕೇಳಿ ಕಲಿಸ್ತಿದೀನಿ, ಕೂಸಿಗೆ ಕಲಿಸ್ದಂಗೆ.” ಹೆಂಗಸರು ನಕ್ಕರು. ಅಜ್ಜಿ, “ಗಡ್ಡ ಬಂದ ಕೂಸು,” ಎಂದಳು. ಅವನೂ ಹಲ್ಲು ಬಿಟ್ಟಿದ್ದ, ನಗುವಂತೆ. ಅವರು ಹೋದರು. ಅವನು ಫೆಲ್ಟಿನ ಬೂಟು ಹಾಕಿಕೊಂಡ, ಐಸು ಒಡೆಯುವ ಹಾರೆ ತೆಗೆದುಕೊಂಡ. ಒಲೆಯ ಮುಂದಿನಿಂದಲೇ ಬಾಗಿಲಿಗೆ ದಾರಿ. ಹಾದುಹೋಗುವಾಗ ನೋಡಿದ. ಬಲಗಡೆ, ಹಿಂದಿನ ಮೂಲೆಯಲ್ಲಿ, ನೀಲಿ ಇತ್ತು. ಚೆನ್ನಾಗಿಯೇ ಇತ್ತು. “ಪ್ರೋಷಾ, ನೀಲಿ ಇದೆಯೇನೋ?” ಎಂದಳು ಅವಳು ಹಿಂದಿನಿಂದ, ಸ್ವಲ್ಪ ತಗ್ಗಿದ ದನಿಯಲ್ಲಿ, ಆ ತಗ್ಗಿದ ದನಿಯಲ್ಲಿ ಈ ಸಲ ಗತ್ತಿರಲಿಲ್ಲ, ಹೆಂಗಸರ ಮುಂದೆ ಆಡಿದ್ದಕ್ಕೆ ಒಂದು ಬಗೆಯ ಕ್ಷಮೆಯಾಚನೆಯೇ ಇತ್ತೇನೋ. ಅವನಿಗೆ ಕೇಳಿಸಿತು. ಬಾಗಿಲೆಳೆದುಕೊಂಡು ಹೋದ.

ಉತ್ತರ ಬರದಿದ್ದುದನ್ನೇ ಅವಳು ಉತ್ತರ ಎಂದುಕೊಂಡಳೇ? ಇದ್ದಿದ್ದರೆ ಹೇಳುತ್ತಿದ್ದ, ಹೇಳಲಿಲ್ಲ ಅಂದರೆ ಇಲ್ಲ, ಅಂತ? ಅಥವಾ ಬಾಗಿಲು ಬಡಿದ ಸದ್ದು ಅಡಗುವವರೆಗೂ ನಿಂತಿದ್ದು, ಹೋಗಲಿ ಬಿಡು, ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದು ಬಿಲ್ಲೆಗೆ ಕೈಯೆತ್ತಿದಳೇ? ಇಷ್ಟು ದಿನವೂ ಅವನು ಈ ಎರಡರ ನಡುವೆ ಓಡಾಡಿದ್ದ, ಐಸಿನ ಎರಡು ತೂತುಗಳ ನಡುವೆ ಓಡಾಡುವವನ ಹಾಗೆ, ಎರಡರಲ್ಲೂ ಅದೇ ಕಪ್ಪು ನೀರು.

“ಏನೋ, ನಿದ್ದೆ ಬಂತಾ?” ಮಾವನ ದನಿ. “ಕೆಂಡ ಬೂದಿಯಾಗ್ತಿದೆ.”

ಪ್ರೋಖೋರ್ ಬಗ್ಗಿ ಒಳಗೆ ನೋಡಿದ. ಅತ್ತೆಯೂ ಪಕ್ಕಕ್ಕೆ ಬಂದು ಬಗ್ಗಿದಳು. ಅವನಿಗೆ ನೀಲಿ ಕಂಡಿತು. ಕಣ್ಣು ಮುಚ್ಚಿ ತೆರೆದ. ಬಲಗಡೆ, ಹಿಂದಿನ ಮೂಲೆಯಲ್ಲಿ, ಅದೇ ಜಾಗದಲ್ಲಿ. “ಇನ್ನೂ ಇದೆ,” ಎಂದ. “ಎಲ್ಲಿ?” ಎಂದಳು ಅತ್ತೆ. “ಅಲ್ಲಿ.” ಅತ್ತೆ ತುಂಬ ಹೊತ್ತು ನೋಡಿದಳು. ಹಿಂದೆ ಸರಿದಳು. ಅವನು ಕೋಲಿನಿಂದ ಕೆಂಡ ಕೆದಕಿದ. ಕೆದಕಿದಾಗ ಮತ್ತೊಂದು ಕಡೆ ಕಂಡಂತಾಯಿತು. ಮೇಜಿನ ಮೇಲೆ ಜೇನು ಬೆರೆಸಿದ ಗೋಧಿ ಕುತ್ಯಾ ಒಣಗುತ್ತಿತ್ತು. ಅಮ್ಮನ ಫೋಟೋದ ಮುಂದೆ ಗ್ಲಾಸಿನ ಮೇಲಿಟ್ಟ ರೊಟ್ಟಿಯ ಚೂರು ಮುದುಡುತ್ತಿತ್ತು. ಹಸಿದವರು ಮೊದಲು ಪಿಸುಗುಟ್ಟಿದರು, ಆಮೇಲೆ ಮಾತಾಡಿದರು. ಕೊನೆಗೆ ಮಾವನ ತಂಡದಲ್ಲಿ ಬಲೆ ಹೊಲಿಯುವ ಮುದುಕ ಜೋಸಿಮ, “ಕಲಿತ ಕಣ್ರೀ ಹುಡುಗ. ಕುದುರೆ ಹೋದ್ಮೇಲೆ ಲಾಯದ ಬಾಗಿಲನ್ನ ಹೆಂಗೆ ಕಾಯ್ತಿದಾನೆ ನೋಡಿ,” ಎಂದ. ಅತ್ತೆ ಚಿಟಿಕೆ ಹಿಟ್ಟು ತೆಗೆದು ಒಲೆಯ ನೆಲದ ಮೇಲೆ ಉದುರಿಸಿದಳು. ಕಾವು ಸರಿಯಿದ್ದರೆ ಅದು ಕಂದಾಗಬೇಕು. ಬಿಳಿಯಾಗಿಯೇ ಉಳಿಯಿತು. “ಮುಚ್ಚೋ ಪ್ರೋಷಾ,” ಎಂದಳು ಮೆಲ್ಲಗೆ. “ಇಲ್ಲ ಕಣೋ, ಏನೂ ಇಲ್ಲ. ನಾನು ನೋಡ್ತಿದೀನಲ್ಲ.”

ಅವನು ಕೆಂಡವನ್ನು ಪಕ್ಕಕ್ಕೆ ಎಳೆದ, ನೆಲ ಗುಡಿಸಿದ, ಉದ್ದನೆಯ ಮರದ ಸಲಿಕೆಯ ಮೇಲೆ ಪಿರೋಗ್ ಇಟ್ಟು ಒಳಗೆ ತಳ್ಳಿದ. ಒಲೆಯ ಬಾಯಿಗೆ ತಗಡು ಇಟ್ಟ. ಆಮೇಲೆ ಬೆಂಚಿನ ಮೇಲೆ ಹತ್ತಿ ಹೊಗೆಗೂಡಿನ ಪುಟ್ಟ ಬಾಗಿಲು ತೆಗೆದು ಬಿಲ್ಲೆಯನ್ನು ಕೈಗೆತ್ತಿಕೊಂಡ. ಕೂರಿಸಿದಾಗ ಕಬ್ಬಿಣದ ಮೇಲೆ ಕಬ್ಬಿಣ ಕೂತ ಸದ್ದು, ಇಷ್ಟು ದಿನ ಕಿವಿಯೊಳಗಿದ್ದ ಸದ್ದು, ಹೊರಗೆ ಕೇಳಿಸಿತು. ಕೈ ತೆಗೆದಾಗ ಹಿಡಿಯ ಸುತ್ತ ಅವನ ಬೆರಳಿನ ಹಿಟ್ಟು ಅಂಟಿತ್ತು. ಮೂರು ಬೆರಳು, ಒಂದು ಹೆಬ್ಬೆರಳು. ಅಗಲವಾಗಿ.

ಕೆಳಗಿಳಿಯುವಷ್ಟರಲ್ಲಿ ಜೋಸಿಮ ಎದ್ದು ಹೋಗಿ ಬಾಗಿಲ ಪಕ್ಕದಲ್ಲಿ ಕೂತಿದ್ದ. “ಇಲ್ಲಿ ಕಾಲು ಚಾಚಕ್ಕೆ ಚೆನ್ನಾಗಿದೆ,” ಎಂದ ಯಾರೂ ಕೇಳದಿದ್ದರೂ. ಇನ್ನೊಬ್ಬ ಅವನ ಪಕ್ಕಕ್ಕೆ ಸರಿದ. ಒಬ್ಬೊಬ್ಬರಾಗಿ, ಯಾವುದೋ ನೆಪದಿಂದ, ಜನ ಒಲೆಯಿಂದ ಬಾಗಿಲ ಕಡೆಗೆ ಹರಿದರು, ವಾಲಿದ ದೋಣಿಯಲ್ಲಿ ಮೀನು ಒಂದು ಬದಿಗೆ ಜಾರುವಂತೆ. ಪ್ರೋಖೋರ್ ಒಲೆಯ ಪಕ್ಕದ ಬೆಂಚಿನ ಮೇಲೆ, ಅವಳು ಕೂತಿದ್ದಲ್ಲೇ, ಒಬ್ಬನೇ ಕೂತ. ಬೆನ್ನಿಗೆ ಇಟ್ಟಿಗೆಯ ಕಾವು. ತಲೆ ನೋಯುತ್ತಿದೆಯೇ ಎಂದು ತನ್ನೊಳಗೆ ತಾನೇ ಕಿವಿಗೊಟ್ಟ. ನೋಯಲಿ ಎಂದು ಆಸೆಪಟ್ಟನೋ ಏನೋ.

“ಅಯ್ಯೋ, ನನ್ನ ತಲೆ!” ಎಂದಳು ಫೆವ್ರೋನ್ಯಾ ಅಜ್ಜಿ ಇದ್ದಕ್ಕಿದ್ದಂತೆ. “ತಲೆ ಸಿಡೀತಿದೆ!”

ಮಾವ ಜಿಗಿದೆದ್ದು ಬಾಗಿಲನ್ನು ಒದ್ದು ತೆರೆದ. ಹೊರಗಿನ ಚಳಿ ಬಿಳಿ ಹೊಗೆಯಾಗಿ ನೆಲದುದ್ದಕ್ಕೂ ಉರುಳಿ ಬಂತು. ಹೆಂಗಸರು ಕೂಗಿದರು, ಬೆಂಚು ಬಿತ್ತು, ಕುತ್ಯಾದ ಬಟ್ಟಲು ಚೆಲ್ಲಿತು. ಮಾವ ಪ್ರೋಖೋರ್‌ನ ಕೊರಳಪಟ್ಟಿ ಹಿಡಿದು ಎತ್ತಿ ಒಲೆಗೆ ಒತ್ತಿದ. “ಮತ್ತೆ ಮಾಡ್ದ್ಯಾ? ಮತ್ತೆ?” ಅವನ ಕಣ್ಣಲ್ಲಿ ನೀರಿತ್ತು. ಚಳಿಗೋ ಏನೋ. ಪ್ರೋಖೋರ್ ಕೈ ಎತ್ತಲಿಲ್ಲ. ಅತ್ತೆ ಅಜ್ಜಿಯ ಹತ್ತಿರ ಹೋಗಿ ಗಲ್ಲದ ಕೆಳಗಿನ ಶಾಲಿನ ಗಂಟು ಬಿಚ್ಚಿ, “ಇಷ್ಟು ಬಿಗಿಯಾಗಿ ಕಟ್ಕೊಂಡ್ರೆ ಬಂಡೆಗೂ ತಲೆನೋವು ಬಂದೀತು. ಈಗ?” ಎಂದಳು. ಅಜ್ಜಿ ತಲೆ ಆಡಿಸಿ ನೋಡಿ, “ಈಗ ಪರವಾಗಿಲ್ಲ,” ಎಂದಳು. ಯಾರೂ ನಗಲಿಲ್ಲ. ಮಾವ ಕೊರಳಪಟ್ಟಿ ಬಿಟ್ಟ. ಬಿಟ್ಟ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೊಡೆದಿದ್ದರೆ ವಾಸಿಯಿತ್ತು.

ಬಾಗಿಲು ಮುಚ್ಚುವಷ್ಟರಲ್ಲಿ ಮನೆಯೊಳಗಿದ್ದ ಕಾವೂ ಹೋಗಿತ್ತು. ಎಷ್ಟು ಕಾದರೂ ಪಿರೋಗಿನ ವಾಸನೆ ತಗಡಿನ ಆಚೆ ಬರಲಿಲ್ಲ. ಹೊತ್ತು ಇಳಿಯುತ್ತಿದೆ, ಬಿಸಿಲಿರುವಾಗಲೇ ಆತ್ಮವನ್ನು ಕಳಿಸಬೇಕು ಎಂದು ಅಜ್ಜಿ ಗೊಣಗಿದಾಗ ಅವನು ಅದನ್ನು ಹೊರತೆಗೆದ. ಮೇಲ್ಮೈ ಸತ್ತವರ ಕೆನ್ನೆಯಂತೆ ಬಿಳಿಚಿತ್ತು. ಸಾವಿನ ಊಟಕ್ಕೆ ಚಾಕು ಮುಟ್ಟಿಸುವಂತಿಲ್ಲ. ಹಿರಿಯರು ಕೈಯಿಂದ ಮೇಲಿನ ಪದರ ಮುರಿದು ಎತ್ತಬೇಕು. ಹಿರಿಯ ಎಂದರೆ ನಿಕಾಂದ್ರ. ಬಾಯಿಗಿಡಲ್ಲ ಎಂದವನು, ಎಲ್ಲರೂ ನೋಡುತ್ತಿದ್ದರಿಂದ, ಬೆರಳು ಚುಚ್ಚಿದ. ಪದರ ಮುರಿಯಲಿಲ್ಲ, ಎಳೆದಂತೆ ಹಿಗ್ಗಿತು. ಹರಿದು ತೆರೆದ. ಒಳಗೆ ಮೀನಿನ ಬೆನ್ನುಮೂಳೆಯ ಗುಂಟ ರಕ್ತ ಇನ್ನೂ ಕೆಂಪಗಿತ್ತು.

“ಹಸಿ,” ಎಂದ ಮಾವ. ಆಮೇಲೆ ಅವನ ದನಿ ತಗ್ಗಿತು, ಅದು ಕೂಗಿಗಿಂತ ಕೆಟ್ಟದಾಗಿತ್ತು. “ಅವತ್ತು ಅಷ್ಟು ಅವಸರ ಇತ್ತಲ್ಲೋ ನಿಂಗೆ? ಮೀನಿಗೆ ಹೋಗೋ ಅವಸರ. ಇವತ್ತು ನೀಲಿ ಸತ್ತು ಎಷ್ಟು ಹೊತ್ತಾದ್ರೂ ಕೈ ಏಳ್ಲಿಲ್ಲ. ಅವತ್ತು ಹೆಂಗೆ ಎದ್ದಿತೋ ಕೈ? ಹೇಳು. ನಿಮ್ಮಮ್ಮ ಇಲ್ಲೇ ಬಾಗಿಲ ಹತ್ರ ನಿಂತಿರ್ತಾಳೆ ಇವತ್ತು. ಅವಳ ಮುಂದೆ ಹೇಳು.”

“ರೀ,” ಎಂದಳು ಅಗ್ನಿಯಾ ಅತ್ತೆ. ಅವಳು ಮೇಜಿನ ಮೇಲೆ ಚೆಲ್ಲಿದ್ದ ಗೋಧಿಯನ್ನು ಒಂದೊಂದಾಗಿ ಆರಿಸುತ್ತಿದ್ದಳು. ಕೈ ನಿಂತಿತು. “ಹೋದ ಸೆಪ್ಟೆಂಬರಲ್ಲಿ ನಾನು ಈ ಶಾಲು ಹೊದ್ಕೊಂಡು ಬಂದಿದ್ದೆ. ಬೂದಿ ಬಣ್ಣ ನಿಂಗೊಪ್ಪುತ್ತೆ ಕಣೆ ಅಂದ್ಲು ಉಸ್ತೀನ್ಯಾ. ತಮಾಷೆ ಮಾಡ್ತಾಳೆ ಅಂದ್ಕೊಂಡೆ.” ಅವಳು ತನ್ನ ಹೆಗಲನ್ನು ತಾನೇ ನೋಡಿಕೊಂಡಳು. ಎಲ್ಲರೂ ನೋಡಿದರು. ಶಾಲು ನೀಲಿಯಾಗಿತ್ತು, ಬೇಸಿಗೆಯ ಸಮುದ್ರದಷ್ಟು ನೀಲಿ. ಅವಳು ತಲೆಯೆತ್ತಿದಳು. “ಪ್ರೋಷಾ, ಅವತ್ತು ಮುಚ್ಚಿದ್ದು ನೀನೇನಾ?”

ಮಾವನ ಬೆರಳಿಂದ ಹಿಟ್ಟಿನ ಪದರ ಜಾರಿತು. “ಅಂದ್ರೆ? ಏನ್ ಹೇಳ್ತಿದೀಯ ನೀನು? ಅವಳೇ ಮುಚ್ಕೊಂಡ್ಲು ಅಂತಾನಾ? ಹುಟ್ಟಿದಾಗ್ಲಿಂದ ಕೆಂಡ ನೋಡ್ದೋಳು? ಹಂಗಂದ್ರೆ ಅದಕ್ಕೇನರ್ಥ ಗೊತ್ತಾ? ತನ್ನ ಕೈಯಾರೆ ಹೋದೋಳಿಗೆ ಪಾದ್ರಿ ಹೆಸರು ಓದಲ್ಲ. ಅವಳಿಗೆ ಪಿರೋಗಿಲ್ಲ, ಮೇಣದ ಬತ್ತಿಯಿಲ್ಲ. ಎತ್ತಿ ಬೇಲಿ ಆಚೆ ಹೂಳ್ಬೇಕಾಗುತ್ತೆ!” ಅವನು ಪ್ರೋಖೋರ್‌ನ ಕಡೆ ತಿರುಗಿದ. ಆ ಮುಖದಲ್ಲಿ ಈಗ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಜೀವಮಾನದಲ್ಲಿ ಮೊದಲ ಸಲ ಮಾವ ಅವನಿಂದ ಏನನ್ನೋ ಬೇಡುತ್ತಿದ್ದ. “ಹೇಳೋ. ನೀನೇ ಅಲ್ವಾ ಮುಚ್ಚಿದ್ದು?”

ಅಜ್ಜಿಯ ಬಾಯಿ ಆಗಲೇ ಅರ್ಧ ತೆರೆದಿತ್ತು. ನಾಳೆ ಬೆಳಗಾಗುವಷ್ಟರಲ್ಲಿ ಅದು ಊರೆಲ್ಲ ತಿರುಗಿ ಬರುತ್ತದೆ. ಕಣ್ಣಿಗೆ ಪೊರೆ ಬಂದಿತ್ತು ಎಂದು ಹೇಳಬಹುದು. ಯಾರು ನಂಬುತ್ತಾರೆ, ಅವನ ಒಬ್ಬನ ಬಾಯಿಯ ಮಾತನ್ನು? ತಾನು ತಪ್ಪಿಸಿಕೊಳ್ಳಲು ತಾಯಿಯ ಕಣ್ಣು ಕಿತ್ತ ಅನ್ನುತ್ತಾರೆ. ನಂಬಿದರೆ ಇನ್ನೂ ಕೆಟ್ಟದ್ದು. ಕಾಣದ ಕಣ್ಣಲ್ಲಿ ನಮ್ಮ ಮದುವೆಗೆಲ್ಲ ಬೇಯಿಸಿದಳಲ್ಲ ಎಂದು ನಗುತ್ತಾರೆ. ನಾನೇ ಎಂದರೆ ಮುಗಿಯಿತು. ಆಸ್ಪತ್ರೆಯವನಿಗೆ ಎಷ್ಟು ಸಲೀಸಾಗಿ ಹೇಳಿದ್ದ. ಆದರೆ ಅತ್ತೆ ನೋಡುತ್ತಿದ್ದಳು. ಒಲೆಯೊಳಗೆ ನೋಡಿದ ಹಾಗೆಯೇ ಅವನೊಳಗೆ ನೋಡುತ್ತಿದ್ದಳು, ಇದೆಯೋ ಇಲ್ಲವೋ ಎಂದು. ಆ ಕಣ್ಣಿನ ಮುಂದೆ ಆ ಸುಳ್ಳು ಎರಡನೆಯ ಸಲ ಏಳಲಿಲ್ಲ.

ಅವನು ಬಗ್ಗಿ ಪಿರೋಗಿನ ಹಸಿ ಪದರದಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಜಗಿದ. ಹುಳಿ. ಅವಳ ಹಿಟ್ಟಿನ ಬಾನಿಯದೇ ಹುಳಿ. ನುಂಗಿದ. ಬೆಂಚಿನ ಮೇಲೆ ಹತ್ತಿ ಹೊಗೆಗೂಡಿನ ಬಾಗಿಲು ತೆಗೆದು, ಬಟ್ಟೆ ಹಿಡಿಯದೆ, ಬರಿಗೈಯಲ್ಲಿ ಬಿಲ್ಲೆಯನ್ನು ಎಳೆದ. ಬೆರಳು ಚುರ್ರೆಂದಿತು. ಅದನ್ನು ಒಲೆಯ ಅಂಚಿನ ಮೇಲೆ, ತನ್ನ ಅಗಲವಾದ ಬೆರಳಚ್ಚು ಎಲ್ಲರಿಗೂ ಕಾಣುವಂತೆ, ಇಟ್ಟ. ಉಳಿದ ಕಾವು ಮೇಲಕ್ಕೆ ಹೋಗುವ ಸದ್ದು ಕೇಳಿಸಿತು, ಯಾರೋ ನಿಟ್ಟುಸಿರು ಬಿಟ್ಟಂತೆ. ಕೆಳಗಿಳಿದ. ಫೆಲ್ಟಿನ ಬೂಟು ಹಾಕಿಕೊಂಡ. ಟೋಪಿ. ಮೂಲೆಯಿಂದ ಹಾರೆ ತೆಗೆದುಕೊಂಡ. ಜೋಸಿಮ ಕಾಲು ಮಡಚಿ ದಾರಿ ಬಿಟ್ಟ.

“ಪ್ರೋಷಾ,” ಎಂದಳು ಅತ್ತೆ ಹಿಂದಿನಿಂದ, ತಗ್ಗಿದ ದನಿಯಲ್ಲಿ. “ಕೇಳಿಸ್ತೇನೋ?”

ಕೇಳಿಸಿತು. ಅವನು ಬಾಗಿಲೆಳೆದುಕೊಂಡು ಐಸಿನ ಕಡೆ ನಡೆದ.